ಅಲುಗುವ ಮುಳ್ಳು

ಅಮೆರಿಕದ ವುಡ್‌ಸೈಡಿನಿಂದ 84ನೇ ಹೆದ್ದಾರಿಯ ತಿರುವುಗಳನ್ನು ಹತ್ತಿ, ಸ್ಕೈಲೈನ್ ರಸ್ತೆ ಸಿಕ್ಕಲ್ಲಿ ಎಡಕ್ಕೆ ಹೊರಳಿ ಎರಡು ಮೈಲಿ ಕೂಡ ಹೋಗಿರಲಿಲ್ಲ, ಆಯಿಲ್ ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ಇಳಿಯಿತು ಅನ್ನುವ ಹಾಗಿಲ್ಲ. ಕಡಿದ ಬಾಳೆಗಿಡದ ಹಾಗೆ ಒಮ್ಮೆಲೇ ಬಿತ್ತು. ಅಕ್ಟೋಬರ್ ತಿಂಗಳ ಭಾನುವಾರದ ಬೆಳಿಗ್ಗೆ, ಟಾಪು ಮಡಚಿಟ್ಟ ಕಾರು, ಎರಡೂ ಬದಿಗೆ ರೆಡ್‌ವುಡ್ ಮರಗಳ ನೆರಳು. ಎದೆ ಧಸಕ್ಕೆಂದಿತು. ಕ್ಲಚ್ ಒತ್ತಿ, ಕೀಲಿಯನ್ನು ಒಂದೇ ಹಂತ ಹಿಂದಕ್ಕೆ ತಿರುಗಿಸಿ ಎಂಜಿನ್ ಆರಿಸಿದೆ. ಪೂರ್ತಿ ತಿರುಗಿಸಿದರೆ ಸ್ಟೇರಿಂಗ್ ಲಾಕ್ ಆಗುವ ಭಯ. ಗಾಡಿ ಇದ್ದ ಓಟದಲ್ಲೇ ಸದ್ದಿಲ್ಲದೆ ಉರುಳಿ, ರಸ್ತೆ ಪಕ್ಕದಲ್ಲಿ ನಿಲ್ಲಲು ಬಿಟ್ಟಿದ್ದ ಜಾಗಕ್ಕೆ ಬಂದು ನಿಂತಿತು.

ಬಾನೆಟ್ ಎತ್ತಿ, ಸ್ವಲ್ಪ ಹೊತ್ತು ಕಾದು, ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು. ಬಂದ ದಾರಿಯಲ್ಲಿ ಐವತ್ತು ಹೆಜ್ಜೆ ಹಿಂದಕ್ಕೆ ನಡೆದು ನೋಡಿದೆ. ಡಾಂಬರಿನ ಮೇಲೆ ಎಣ್ಣೆಯ ಹನಿ ಇರಲಿಲ್ಲ. ಮುಳ್ಳು ಬಿದ್ದಾಗಲೂ ಎಂಜಿನ್ನಿನ ಸದ್ದಿನಲ್ಲಿ ಬದಲಾವಣೆ ಇರಲಿಲ್ಲ ಅನ್ನುವುದು ಆಮೇಲೆ ನೆನಪಾಯಿತು. ಈ ಎಂಜಿನ್ನಿನ ವಾಲ್ವುಗಳ ಮೇಲೆ ಆಯಿಲ್ ತುಂಬಿಕೊಂಡು ಕೆಲಸ ಮಾಡುವ ಪುಟ್ಟ ಬಟ್ಟಲುಗಳಿವೆ. ಆಯಿಲ್ ಸಾಲದಾದರೆ ಅವು ಹೊಲಿಗೆ ಯಂತ್ರದ ಹಾಗೆ ಟಕಟಕ ಅನ್ನತೊಡಗುತ್ತವೆ. ಆ ಸದ್ದು ಬಂದಿರಲಿಲ್ಲ. ಲೆಕ್ಕ ಹಾಕಿದರೆ ಎಂಜಿನ್ ಕೆಟ್ಟಿಲ್ಲ, ಅದರ ಸುದ್ದಿ ತರುವ ಸೆನ್ಸರ್ ಕೆಟ್ಟಿದೆ ಎಂದು ಅರ್ಥ. ಆದರೂ ಎಂಜಿನ್ ಮತ್ತೆ ಹಚ್ಚಲು ಕೈ ಬರಲಿಲ್ಲ. ಸಾಗಿಸುವ ಲಾರಿಗೆ ಫೋನ್ ಮಾಡಿ, ಒಂದು ಮರದ ಬುಡಕ್ಕೆ ಒರಗಿ ಕೂತೆ.

ಕೈ ಬರದಿದ್ದಕ್ಕೆ ಕಾರಣ ನನ್ನ ಸೋದರಮಾವ. ಅವರು ಸಕಲೇಶಪುರದಲ್ಲಿ ಮೂವತ್ತು ವರ್ಷ ಲಾರಿ ಓಡಿಸಿದವರು. ನನಗೆ ಹತ್ತು ವರ್ಷವಿದ್ದಾಗ ಒಂದು ಮಳೆಗಾಲದ ರಾತ್ರಿ, ಮಂಗಳೂರಿನಿಂದ ಹೆಂಚು ತುಂಬಿಕೊಂಡು ಶಿರಾಡಿ ಘಾಟಿ ಹತ್ತುತ್ತಿದ್ದೆವು. ನಾನು ಕ್ಯಾಬಿನ್ನಿನಲ್ಲಿ ಕ್ಲೀನರ್ ಹುಡುಗನ ಹೆಗಲಿಗೆ ತೂಕಡಿಸುತ್ತಿದ್ದೆ. ಗಾಡಿ ಇದ್ದಕ್ಕಿದ್ದಂತೆ ನಿಂತು ಎಚ್ಚರವಾಯಿತು. ಹೊರಗೆ ಧೋ ಎಂದು ಮಳೆ. ಕ್ಲೀನರ್ ಚಕ್ರಕ್ಕೆ ಕಲ್ಲು ಕೊಡಲು ಇಳಿದಿದ್ದ. ಮಾವ ಆರಿದ ಎಂಜಿನ್ನಿನ ಎದುರು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ಕೂತಿದ್ದರು. "ಏನಾಯ್ತು ಮಾವ?" ಅಂದೆ. "ಆಯಿಲ್ ಮುಳ್ಳು ಇಳೀತಾ ಇತ್ತು ಕಣೋ ಅಳಿಯ. ಘಾಟಿ ಹತ್ತೋವಾಗ ಅದು ಇಳೀಬಾರ್ದು," ಅಂದರು. ಬೆಳಿಗ್ಗೆ ನೋಡಿದರೆ ಆಯಿಲ್ ಪೈಪು ಸೀಳಿತ್ತು. ಅವರು ಬಸ್ಸಿನಲ್ಲಿ ಸಕಲೇಶಪುರಕ್ಕೆ ಹೋಗಿ ಹೊಸ ಪೈಪು ತಂದು ಹಾಕುವ ತನಕ ನಾನು ಲಾರಿಯ ಕೆಳಗೆ ಕೂತು ಜಲಪಾತದ ಹಾಗೆ ಹರಿಯುವ ಚರಂಡಿ ನೋಡಿದೆ. ಎಂಜಿನ್ ಉಳಿಯಿತು. ಇನ್ನರ್ಧ ಮೈಲಿ ಹೊಡೆದಿದ್ದರೆ ಸೀಜ್ ಆಗುತ್ತಿತ್ತು, ಆ ವರ್ಷದ ದುಡಿಮೆ ಅದಕ್ಕೇ ಹೋಗುತ್ತಿತ್ತು ಎಂದು ಮಾವ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ಓಡುವಾಗ ಮುಳ್ಳು ಬಿದ್ದರೆ ಮತ್ತೆ ಎಂಜಿನ್ ಹಚ್ಚಬಾರದು ಅನ್ನುವುದು ನನಗೆ ಮಗ್ಗಿಯ ಹಾಗೆ ಬಾಯಿಪಾಠವಾದದ್ದು ಆ ರಾತ್ರಿ.

ನನ್ನ ಕಾರು 1990ರ ಮಜ್ದಾ ಮಿಯಾಟ. ಎರಡೇ ಸೀಟು, ಒಂದು ಟನ್ನಿಗೂ ಕಡಿಮೆ ತೂಕ, ಬೇಕೆಂದಾಗ ಕಣ್ಣು ತೆರೆದು ಮೇಲೇಳುವ ಹೆಡ್‌ಲೈಟು, ಮರೀನರ್ ನೀಲಿ ಅಂತ ಕಂಪನಿಯವರು ಹೆಸರಿಟ್ಟ ಬಣ್ಣ. ಇಂಥ ಕಾರು ಹುಟ್ಟಿದ್ದು ಒಂದು ಕೊರಗಿನಿಂದ. ಇಂಗ್ಲೆಂಡಿನ ತೆರೆದ ಪುಟ್ಟ ಕಾರುಗಳು, ಎಂಜಿ, ಟ್ರಯಂಫ್, ಲೋಟಸ್ ಎಲಾನ್ ಮೊದಲಾದವು, ಒಂದೊಂದಾಗಿ ಮರೆಯಾಗುತ್ತಿದ್ದ ಕಾಲ. ಎಂಜಿಬಿ 1980ರಲ್ಲಿ ನಿಂತೇಹೋಯಿತು. ಅದಕ್ಕೂ ಸ್ವಲ್ಪ ಮೊದಲು ಅಮೆರಿಕದ ಕಾರು ಪತ್ರಕರ್ತ ಬಾಬ್ ಹಾಲ್, ಮಜ್ದಾದ ಕೆನಿಚಿ ಯಮಾಮೊಟೊ ಅವರ ಮುಂದೆ, ಅಂಥ ಹಗುರ ಕಾರನ್ನು ನೀವೇ ಯಾಕೆ ಮಾಡಬಾರದು ಎಂಬ ಮಾತೆತ್ತಿದರು. ಯಮಾಮೊಟೊ ರೋಟರಿ ಎಂಜಿನ್ನನ್ನು ಪಳಗಿಸಿದವರು, ಮುಂದೆ ಕಂಪನಿಯ ಅಧ್ಯಕ್ಷರೂ ಆದರು. ತೋಶಿಹಿಕೊ ಹಿರಾಯ್ ಅವರ ಮುಂದಾಳತ್ವದಲ್ಲಿ ಹಿರೋಶಿಮಾದಲ್ಲಿ ತಯಾರಾದ ಆ ಕಾರನ್ನು 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಜನರ ಮುಂದಿಟ್ಟರು. ಆರಂಭದ ಬೆಲೆ 13,800 ಡಾಲರ್. ಸವಾರನೂ ಕುದುರೆಯೂ ಒಂದಾಗುವುದಕ್ಕೆ ಜಪಾನೀ ಭಾಷೆಯಲ್ಲಿ 'ಜಿಂಬಾ ಇತ್ತೈ' ಅನ್ನುತ್ತಾರೆ. ಕಾರು ಹಾಗಿರಬೇಕು ಎಂಬುದು ಅವರ ಹಟವಾಗಿತ್ತು. ಎಂಜಿನ್ 1597 ಸಿಸಿಯದು, 116 ಅಶ್ವಶಕ್ತಿ. ಈಗಿನ ಸಾಮಾನ್ಯ ಸಂಸಾರದ ಕಾರುಗಳ ಮುಂದೆ ಅದೇನೂ ಅಲ್ಲ. ಆದರೆ ತಿರುವಿನಲ್ಲಿ ಅದು ಕೈಮಾತು ಕೇಳುವ ರೀತಿಯನ್ನು ನಾನು ಬೇರೆ ಯಾವ ಗಾಡಿಯಲ್ಲೂ ಕಂಡಿಲ್ಲ.

ಆ ಇಂಗ್ಲಿಷ್ ಕಾರುಗಳಿಂದ ಇದಕ್ಕೆ ಬಂದ ಆಸ್ತಿಗಳಲ್ಲಿ ಒಂದು ಆಯಿಲ್ ಪ್ರೆಶರ್ ಮೀಟರ್. ಎಂಬತ್ತರ ದಶಕಕ್ಕೆ ಮಾಮೂಲಿ ಕಾರುಗಳಿಂದ ಅದು ಹೊರಟುಹೋಗಿ, ಅದರ ಜಾಗದಲ್ಲಿ ಒಂದು ಕೆಂಪು ದೀಪ ಉಳಿದಿತ್ತು. ಮಿಯಾಟದಲ್ಲಿ ವೇಗದ ಗಡಿಯಾರ, ಸುತ್ತಿನ ಗಡಿಯಾರಗಳ ಜೊತೆಗೆ 0, 30, 60, 90 ಎಂದು ಬರೆದ ಪುಟ್ಟ ಮೀಟರ್ ಇದೆ. ಇದ್ದದ್ದರಲ್ಲಿ ನಾನು ಹೆಚ್ಚು ನೋಡುವುದು ಅದನ್ನೇ. ಎಂಜಿನ್ನಿನ ಒಳಗೆ ಕ್ರ್ಯಾಂಕ್ ದಂಡ ಬೇರಿಂಗಿಗೆ ತಾಗಿಕೊಂಡು ತಿರುಗುವುದಿಲ್ಲ. ಅವೆರಡರ ನಡುವೆ ತಲೆಗೂದಲಿಗಿಂತ ತೆಳುವಾದ ಸಂದು ಇದೆ. ಆ ಸಂದಿನಲ್ಲಿ ಆಯಿಲ್ ತುಂಬಿ, ದಂಡ ಅದರ ಮೇಲೆ ತೇಲುತ್ತದೆ. ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುವಾಗಲೂ ಲೋಹಕ್ಕೆ ಲೋಹ ತಾಗದೆ ಉಳಿಯುವುದು ಆ ಎಣ್ಣೆಯ ಪದರದಿಂದ. ಪಂಪು ಆಯಿಲನ್ನು ಒತ್ತಿ ತಳ್ಳುತ್ತಿರುವಷ್ಟು ಹೊತ್ತು ಪದರ ಇರುತ್ತದೆ. ಒತ್ತಡ ಹೋದರೆ ಪದರ ಹರಿದು, ಕೆಲವೇ ಕ್ಷಣಗಳಲ್ಲಿ ಬೇರಿಂಗ್ ಉಜ್ಜಿ ಕರಗುತ್ತದೆ. ನೀರು ಬಿಸಿಯಾದರೆ ಎಂಜಿನ್ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ, ಆಯಿಲ್ ಹೋದರೆ ತಡೆಯುವುದಿಲ್ಲ. ಕೆಂಪು ದೀಪ ಹತ್ತುವುದು ಒತ್ತಡ ಬಹುಪಾಲು ಹೋದ ಮೇಲೆ. ಮಾವ ಅದನ್ನು ಹೀಗೆ ಹೇಳುತ್ತಾರೆ: "ಲೈಟು ಹತ್ತೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ ಅಳಿಯ. ಮುಳ್ಳು ನೋಡ್ಕೊಂಡು ಗಾಡಿ ಹೊಡೀಬೇಕು."

ಸಾಗಿಸುವ ಲಾರಿ ಬಂದು, ಕಾರನ್ನು ಹೊತ್ತು, ಡಂಬಾರ್ಟನ್ ಸೇತುವೆ ದಾಟಿ ಫ್ರೀಮಾಂಟಿನ ಮನೆಗೆ ತಂದುಬಿಟ್ಟಿತು. ಪಕ್ಕದ ಮನೆಯ ಹಿರಿಯರು ಅಂಗಳದಲ್ಲಿ ಎಲೆ ಗುಡಿಸುತ್ತಿದ್ದವರು ಪೊರಕೆ ಬಿಟ್ಟು ಬಂದರು. ಅವರು ಇದೇ ಊರಿನ ನುಮ್ಮಿ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಜನರಲ್ ಮೋಟರ್ಸ್ ಮತ್ತು ಟೊಯೋಟಾ ಸೇರಿ 1984ರಲ್ಲಿ ನಡೆಸಲು ಹಿಡಿದ ಆ ಕಾರ್ಖಾನೆ 2010ರ ಏಪ್ರಿಲ್ ಒಂದರಂದು ಮುಚ್ಚಿತು. ಕೊನೆಯ ದಿನದ ತನಕ ಇವರು ಅಲ್ಲಿದ್ದರು. ಈಗ ಅದೇ ಛಾವಣಿಯಡಿ ಟೆಸ್ಲಾ ಕಾರುಗಳಾಗುತ್ತವೆ. ಎಂಜಿನ್ನೇ ಇಲ್ಲದ, ಆದ್ದರಿಂದ ಎಂಜಿನ್ ಆಯಿಲ್ಲೂ ಅದರ ಮುಳ್ಳೂ ಇಲ್ಲದ ಕಾರುಗಳು. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರುವುದಿಲ್ಲ. ಒಂದು ಕಸುಬು ತನ್ನ ಕಣ್ಣೆದುರೇ ಬದಲಾದದ್ದನ್ನು ನೋಡಿದವರ ಸಮಾಧಾನ ಇರುತ್ತದೆ.

ಏನನ್ನೂ ಬಿಚ್ಚುವ ಮೊದಲು ಯಾವುದು ಸುಳ್ಳು ಹೇಳುತ್ತಿದೆ ಎಂದು ಗೊತ್ತುಮಾಡಿಕೊಳ್ಳಬೇಕು ಅಂದರು. ಸುಳ್ಳಾಡಬಲ್ಲವರು ಮೂವರು: ಎಂಜಿನ್ನಿಗೆ ಸಿಕ್ಕಿಸಿದ ಸೆನ್ಸರ್, ಅಲ್ಲಿಂದ ಬರುವ ತಂತಿ, ಕಣ್ಣೆದುರಿನ ಮೀಟರ್. ಜಾಕ್ ಕೊಟ್ಟು, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬಲಗಡೆಯ ಮುಂದಿನ ಚಕ್ರ ಬಿಚ್ಚಿದೆವು. ಈ ಕಾರಿನಲ್ಲಿ ಆಯಿಲ್ ಫಿಲ್ಟರ್ ಇರುವುದು ಎಂಜಿನ್ನಿನ ಬಲ ಮಗ್ಗುಲಲ್ಲಿ, ಗಾಳಿ ಒಳಕ್ಕೆ ಹೋಗುವ ಅಲ್ಯೂಮಿನಿಯಂ ಕೊಳವೆಗಳ ಕೆಳಗೆ, ಕೈ ಹೋದರೆ ಕಣ್ಣು ಹೋಗದ, ಕಣ್ಣು ಹೋದರೆ ಕೈ ಹೋಗದ ಜಾಗದಲ್ಲಿ. ಸೆನ್ಸರ್ ಇರುವುದು ಅದರ ಹತ್ತಿರವೇ. ಟಾರ್ಚ್ ಬಿಟ್ಟು ನೋಡಿದರೆ ಮೂವತ್ತು ಚಿಲ್ಲರೆ ವರ್ಷಗಳ ಧೂಳು ಆಯಿಲಿನಲ್ಲಿ ನೆಂದು ಅದರ ಮೇಲೆ ಕಪ್ಪು ಬೆಲ್ಲದ ಪಾಕದ ಹಾಗೆ ಹೆಪ್ಪುಗಟ್ಟಿತ್ತು. ತಂತಿಯ ತುದಿಯ ರಬ್ಬರ್ ಟೋಪಿ ಎಳೆದಾಗ ಒಳಗಿನಿಂದ ಒಂದು ಹನಿ ಆಯಿಲ್ ಇಳಿದು ನನ್ನ ಮಣಿಕಟ್ಟಿನ ಮೇಲೆ ಬಿತ್ತು.

"ಇದು ಅಲ್ಲಿ ಇರಬಾರದಾಗಿತ್ತು," ಎಂದರು ಅವರು. ಸೆನ್ಸರಿನ ಒಳಗೆ ಒಂದು ತೆಳು ಪರದೆ ಇದೆ. ಒಂದು ಮಗ್ಗುಲಿಗೆ ಎಂಜಿನ್ನಿನ ಆಯಿಲ್ ಬಂದು ಒತ್ತುತ್ತದೆ, ಇನ್ನೊಂದು ಮಗ್ಗುಲಿನಲ್ಲಿ ಒತ್ತಿದ್ದನ್ನು ವಿದ್ಯುತ್ತಿನ ಭಾಷೆಗೆ ತಿರುಗಿಸುವ ಏರ್ಪಾಡು. ಪರದೆ ಹರಿದರೆ ಆಯಿಲ್ ಈ ಕಡೆ ಬಂದು ತಂತಿಯ ತುದಿಯಿಂದ ಜಿನುಗುತ್ತದೆ. ಹೆಚ್ಚುಕಡಿಮೆ ಉತ್ತರ ಅಲ್ಲೇ ಸಿಕ್ಕಿತ್ತು. ಆದರೂ ಪರೀಕ್ಷೆ ಬಿಡಲಿಲ್ಲ. ನಾನು ಕೀಲಿ ತಿರುಗಿಸಿ ಮೀಟರ್ ನೋಡುತ್ತ ಕೂತೆ. ಅವರು ಕೆಳಗಿನಿಂದ ಆ ತಂತಿಯ ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಒಂದೇ ಕ್ಷಣ ಮುಟ್ಟಿಸಿದರು. ಸೊನ್ನೆಯಲ್ಲಿ ಸತ್ತು ಬಿದ್ದಿದ್ದ ಮುಳ್ಳು ಎದ್ದು ಪೂರ್ತಿ ಬಲಕ್ಕೆ ಹೊರಟಿತು. ತೆಗೆದರು, ಮತ್ತೆ ಮಲಗಿತು. ಮೀಟರೂ ತಂತಿಯೂ ಸತ್ಯವಂತರು.

ಇನ್ನು ಎಂಜಿನ್. ಅದರಲ್ಲಿ ನಿಜಕ್ಕೂ ಒತ್ತಡ ಇದೆಯೇ ಎಂದು ತಿಳಿಯಲು ಸೆನ್ಸರ್ ಬಿಚ್ಚಿ ಅದರ ತೂತಿಗೆ ಕೊಳವೆಯ ಮೀಟರ್ ಸಿಕ್ಕಿಸಬೇಕು. ಅದು ವಿದ್ಯುತ್ತಿನ ಹಂಗಿಲ್ಲದ್ದು. ಆಯಿಲ್ಲೇ ಬಂದು ಮುಳ್ಳನ್ನು ತಳ್ಳುತ್ತದೆ. ಹಳೆಯ ಸೆನ್ಸರಿಗೆ ಸ್ಪ್ಯಾನರ್ ಕೊಟ್ಟು ಒತ್ತಿದೆ. ಮೊದಲು ಅಲ್ಲಾಡಲಿಲ್ಲ, ಆಮೇಲೆ ಟಕ್ ಎಂದು ಸಡಿಲಾಯಿತು. ಅವರು ತಮ್ಮ ಡಬ್ಬಿಯಿಂದ ಒಂದು ಹಿತ್ತಾಳೆ ಜೋಡಣೆ ತೆಗೆದು ಬೆರಳಲ್ಲೇ ತಿರುಗಿಸಿದರು. ಎರಡು ಸುತ್ತು ಹೋಯಿತು, ನಿಂತಿತು. ಸ್ಪ್ಯಾನರಿಗೆ ಕೈ ಹಾಕಲಿಲ್ಲ; ತಕ್ಷಣ ಹಿಂದಕ್ಕೆ ತಿರುಗಿಸಿ ತೆಗೆದರು. ಅಮೆರಿಕದ ಪೈಪ್ ಥ್ರೆಡ್ಡಿಗೆ ಈ ಅಳತೆಯಲ್ಲಿ ಇಂಚಿಗೆ 27 ಸುತ್ತು. ಜಪಾನಿನ ಈ ಎಂಜಿನ್ನಿಗೆ ಕೊರೆದಿರುವುದು ಬ್ರಿಟಿಷ್ ಅಳತೆಯ ಥ್ರೆಡ್, ಇಂಚಿಗೆ 28. ಕಣ್ಣಿಗೆ ಎರಡೂ ಒಂದೇ, ಶುರುವಿನಲ್ಲಿ ಕೈಗೂ ಒಂದೇ. ಬಲ ಹಾಕಿದರೆ ಹೊಕ್ಕೇ ಹೋಗುತ್ತದೆ, ಹೊಕ್ಕಮೇಲೆ ಎಂಜಿನ್ನಿನ ಥ್ರೆಡ್ ಕಾಯಮ್ಮಾಗಿ ಹಾಳು. ಆ ಬ್ರಿಟಿಷ್ ಥ್ರೆಡ್ ನನಗೆ ಹಳೆಯ ಪರಿಚಯ. ನಮ್ಮೂರಿನ ನಲ್ಲಿಗಳಿಗೂ ಪೈಪುಗಳಿಗೂ ಇರುವುದು ಅದೇ ಜಾತಿಯದು. ಅದಕ್ಕೆ ಹೊಂದುವ ಜೋಡಣೆ ಹುಡುಕಿ ತಂದು ಸಿಕ್ಕಿಸಿ, ಎಂಜಿನ್ ಹಚ್ಚಿ ಬಿಸಿಯಾಗಲು ಬಿಟ್ಟೆವು. ಬಿಸಿ ಎಂಜಿನ್ ಸುಮ್ಮನೆ ಓಡುವಾಗ 30 ಪಿಎಸ್‌ಐ, ಮೂರು ಸಾವಿರ ಸುತ್ತಿನಲ್ಲಿ 55. ಹಳೇ ಮೆಕ್ಯಾನಿಕ್‌ಗಳ ಲೆಕ್ಕದಲ್ಲಿ ಸಾವಿರ ಸುತ್ತಿಗೆ ಹತ್ತು ಇದ್ದರೆ ಸಾಕು. ನನ್ನ ಎಂಜಿನ್ ಗಟ್ಟಿಯಾಗಿತ್ತು. ಆ ಕ್ಷಣದ ನೆಮ್ಮದಿಯನ್ನು ಹೇಗೆ ಹೇಳಲಿ, ಮನೆಯವರ ರಿಪೋರ್ಟ್ ನೋಡಿ ಡಾಕ್ಟರು ಏನೂ ಇಲ್ಲ ಎಂದ ಹಾಗಾಯಿತು.

ಬಿಡಿಭಾಗದ ಅಂಗಡಿಗೆ ಹೋಗಿ ಕಾರಿನ ಹೆಸರು, ಇಸವಿ ಹೇಳಿದೆ. ಕೊಟ್ಟ ಡಬ್ಬಿಯಲ್ಲಿದ್ದದ್ದು ಹಳೆಯದಕ್ಕಿಂತ ತುಂಬ ಚಿಕ್ಕದು. ಹಳೆಯದು ದಪ್ಪ ಡಬರಿಯ ಹಾಗಿದ್ದರೆ ಇದು ಹೆಬ್ಬೆರಳಿನ ತುದಿಯಷ್ಟು. ಕಾಲ ಹೋದ ಹಾಗೆ ಎಲ್ಲವೂ ಚಿಕ್ಕದಾಗುತ್ತಿದೆಯಲ್ಲ ಎಂದುಕೊಂಡೆ. ಥ್ರೆಡ್ ಸರಿಯಾಗಿ ಕೂತಿತು. ತಂತಿ ಸಿಕ್ಕಿಸಿ ಎಂಜಿನ್ ಹಚ್ಚಿದೆ. ಮುಳ್ಳು ಒಂದೇ ನೆಗೆತಕ್ಕೆ 90 ದಾಟಿ ಹೋಗಿ ಅಲ್ಲೇ ಅಂಟಿಕೊಂಡಿತು. ಪೆಡಲ್ ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಅಂಗಡಿಯವರು ನನಗೆ ಕೊಟ್ಟಿದ್ದು 1995ರಿಂದ ಈಚಿನ ಮಿಯಾಟದ್ದು. ಇದರ ಕಥೆ ನನ್ನನ್ನು ಅನೇಕ ರಾತ್ರಿ ಕಾಡಿದೆ. 1990ರಿಂದ 1994ರ ತನಕದ ಕಾರುಗಳಲ್ಲಿ ಆಯಿಲ್ ಮೀಟರ್ ನಿಜವಾದ ಮೀಟರ್. ಒತ್ತಡ ಎಷ್ಟಿದೆಯೋ ಅಷ್ಟನ್ನು ತೋರಿಸುತ್ತದೆ. 1995ರಲ್ಲಿ ಸೆನ್ಸರಿನ ಜಾಗಕ್ಕೆ ಒಂದು ಸ್ವಿಚ್ ಬಂತು. ಒತ್ತಡ ಒಂದು ಕೆಳಮಟ್ಟವನ್ನು ದಾಟಿತೋ, ಸ್ವಿಚ್ ಕೂಡಿಕೊಳ್ಳುತ್ತದೆ, ಮುಳ್ಳು ಎದ್ದು ಮೀಟರಿನ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಅದು ಅಲುಗುವುದಿಲ್ಲ. ಇಪ್ಪತ್ತಿದ್ದರೂ ಅಲ್ಲೇ, ಅರವತ್ತಿದ್ದರೂ ಅಲ್ಲೇ. ಅಂಕಿಗಳ ಜಾಗದಲ್ಲಿ ಎರಡು ಅಕ್ಷರಗಳು ಉಳಿದವು, ಕಡಿಮೆ ಮತ್ತು ಹೆಚ್ಚು ಎಂದು ಸೂಚಿಸಲು. ನೋಡುವವರಿಗೆ ಅದು ಮೀಟರಿನ ಹಾಗೇ ಕಾಣುತ್ತದೆ. ಒಳಗೆ ಅದು ಹತ್ತುವ, ಆರುವ ದೀಪ. ನನ್ನ ಹಳೇ ಮೀಟರಿಗೆ ಆ ಸ್ವಿಚ್ ಸಿಕ್ಕಿಸಿದಾಗ, ಅದು ತಂತಿಯನ್ನು ನೇರ ಕಬ್ಬಿಣಕ್ಕೆ ಮುಟ್ಟಿಸಿದ ಹಾಗೆಯೇ ಆಗಿ ಮುಳ್ಳು ಕೊನೆಗೆ ಓಡಿತ್ತು.

ನಿಜವಾದ ಮುಳ್ಳು ಇದ್ದ ಕಡೆ ಇರುವುದಿಲ್ಲ. ಬೆಳಗಿನ ಚಳಿಯಲ್ಲಿ ಆಯಿಲ್ ಮಂದವಾಗಿದ್ದಾಗ ಎತ್ತರದಲ್ಲಿ ನಿಲ್ಲುತ್ತದೆ. ಬಿಸಿಯೇರಿ ಆಯಿಲ್ ತೆಳುವಾದ ಹಾಗೆ ಇಳಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತರೆ ಇನ್ನೂ ಇಳಿಯುತ್ತದೆ. ಇದು ತಿಳಿಯದವರಿಗೆ ಆ ಇಳಿತ ಗಾಬರಿ ತರುವಂಥದ್ದು. ನಟ್ಟನಡುವೆ ನಿಂತ ಮುಳ್ಳು ಯಾರನ್ನೂ ಹೆದರಿಸುವುದಿಲ್ಲ. ಆದರೆ ಹೆದರಿಸುವ ಶಕ್ತಿ ಇರುವುದರಿಂದಲೇ ಅಲುಗುವ ಮುಳ್ಳು ಮಾವನ ಎಂಜಿನ್ನನ್ನು ಉಳಿಸಿದ್ದು. ಶಿರಾಡಿಯಲ್ಲಿ ಅವತ್ತು ಅವರು ನೋಡಿದ್ದು ಬಿದ್ದ ಮುಳ್ಳನ್ನಲ್ಲ, ಬೀಳುತ್ತಿರುವ ಮುಳ್ಳನ್ನು. ನಡುವೆ ನಿಂತ ಮುಳ್ಳಾಗಿದ್ದರೆ ಪೈಪು ಸೀಳಿ ಆಯಿಲ್ ಸುರಿದು ಖಾಲಿಯಾಗುವ ತನಕ ಎಲ್ಲ ಸರಿಯಿದೆ ಎಂದೇ ಹೇಳುತ್ತಿತ್ತು. ನನಗೆ ಇದರಲ್ಲಿ ನೋವಾಗುವ ಸಂಗತಿ ಸ್ವಿಚ್ ಹಾಕಿದ್ದಲ್ಲ. ದೀಪ ಹಾಕಿದ್ದರೆ ಅದು ದೀಪ ಎಂದು ಗೊತ್ತಿರುತ್ತಿತ್ತು. ಮುಳ್ಳಿನ ರೂಪ ಉಳಿಸಿಕೊಂಡು ಮುಳ್ಳಿನ ಕೆಲಸ ತೆಗೆದದ್ದು ನೋವು. ಹೊಸ ಮಿಯಾಟದವರು ಕೆಲವರು ಹಳೇ ಕಾರಿನ ಮೀಟರ್, ಸೆನ್ಸರ್ ಎರಡನ್ನೂ ತಂದು ತಮ್ಮದಕ್ಕೆ ಹಾಕಿಸಿಕೊಳ್ಳುತ್ತಾರೆ. ಸಾವಿರಾರು ಮೈಲಿ ಸಮಾಧಾನದ ಮುಳ್ಳನ್ನು ನೋಡಿದವರು ಕಷ್ಟಪಟ್ಟು, ದುಡ್ಡು ಕೊಟ್ಟು ಅಲುಗುವ ಮುಳ್ಳನ್ನು ತಂದುಕೊಳ್ಳುತ್ತಾರೆ ಅನ್ನುವುದು ನನಗೆ ತುಂಬ ಖುಷಿ ಕೊಡುವ ವಿಷಯ.

ಸರಿಯಾದ ಸೆನ್ಸರ್ ಬರಲು ಹನ್ನೊಂದು ದಿನ ಹಿಡಿಯಿತು. ಬಂದ ಸಂಜೆ ಪಕ್ಕದ ಮನೆಯವರನ್ನು ಕರೆಯಲಿಲ್ಲ. ಈ ಸಲ ನಾನೇ ಮಾಡಬೇಕು ಅನ್ನಿಸಿತ್ತು. ದಪ್ಪ ಡಬರಿ, ಹಳೆಯದರ ಅಣ್ಣನೋ ತಮ್ಮನೋ ಅನ್ನುವ ಹಾಗೆ. ತೂತಿನ ಸುತ್ತ ಬಟ್ಟೆಯಿಂದ ಒರೆಸಿ ಒರೆಸಿ ಕಬ್ಬಿಣದ ಬಣ್ಣ ಕಾಣುವ ಹಾಗೆ ಮಾಡಿದೆ. ನಲ್ಲಿ ಜೋಡಿಸುವಾಗ ಸುತ್ತುವ ಬಿಳಿ ಟೇಪ್ ಇಲ್ಲಿ ಸುತ್ತಬಾರದು, ಸುತ್ತಿದರೂ ಯೋಚಿಸಿ ಸುತ್ತಬೇಕು. ಈ ಸೆನ್ಸರಿಗೆ ತಂತಿ ಒಂದೇ. ವಿದ್ಯುತ್ತು ಹೋಗುವ ದಾರಿ ತಂತಿಯಾದರೆ ವಾಪಸ್ಸು ಬರುವ ದಾರಿ ಎಂಜಿನ್ನಿನ ಮೈಯೇ, ಆ ಥ್ರೆಡ್ಡಿನ ಮೂಲಕ. ಟೇಪ್ ದಪ್ಪವಾದರೆ ದಾರಿ ಮುಚ್ಚಿ, ಒಳ್ಳೆಯ ಸೆನ್ಸರೂ ಮೂಕವಾಗುತ್ತದೆ. ತುದಿಯ ಎರಡು ಸುತ್ತು ಬಿಟ್ಟು, ನಡುವೆ ಒಂದು ಎಳೆಯಷ್ಟು ಸೀಲರ್ ಹಚ್ಚಿ, ಕೊಳವೆಗಳ ಸಂದಿಯಲ್ಲಿ ತೋಳು ತೂರಿಸಿ, ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ತಿರುಗಿಸಿದೆ. ಕಣ್ಣು ತೆರೆದಿದ್ದರೂ ಕಾಣುತ್ತಿರಲಿಲ್ಲ; ಮುಚ್ಚಿದರೆ ಬೆರಳಿಗೆ ಹೆಚ್ಚು ತಿಳಿಯುತ್ತದೆ. ಥ್ರೆಡ್ ಹಿಡಿಯಿತು. ಒಂದು, ಎರಡು, ಮೂರು, ನಾಲ್ಕು ಸುತ್ತು ತಡೆಯಿಲ್ಲದೆ ಹೋಯಿತು. ಆಮೇಲೆ ಸ್ಪ್ಯಾನರಿನಲ್ಲಿ ಇಷ್ಟೇ ಇಷ್ಟು. ಇಲ್ಲಿ ಬಲ ತೋರಿಸುವವರು ಪಶ್ಚಾತ್ತಾಪ ಪಡುತ್ತಾರೆ.

ಎಂಜಿನ್ ಹಚ್ಚಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮುಳ್ಳು ನಿದ್ದೆಯಿಂದ ಏಳುವ ಬೆಕ್ಕಿನ ಹಾಗೆ ನಿಧಾನವಾಗಿ ಮೈಮುರಿದು ಎದ್ದು, 30 ದಾಟಿ, 60ರ ಹತ್ತಿರ ನಿಂತು, ಸಣ್ಣಗೆ ನಡುಗಿತು. ಆ ನಡುಕ ಎಷ್ಟು ಚೆಂದ! ಕೆಳಗೆ ಹೋಗಿ ಟಾರ್ಚ್ ಬಿಟ್ಟು ನೋಡಿದೆ; ಒಣಗಿತ್ತು. ಬೆರಳಾಡಿಸಿ ನೋಡಿದೆ, ಒಣಗಿತ್ತು.

ಮುಂದಿನ ಭಾನುವಾರ ಮತ್ತೆ ಸ್ಕೈಲೈನ್. ಮುಳ್ಳು ಬಿದ್ದ ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ ಮಾವನಿಗೆ ವೀಡಿಯೊ ಕಾಲ್ ಮಾಡಿದೆ. ಸಕಲೇಶಪುರದಲ್ಲಿ ರಾತ್ರಿ ಊಟ ಮುಗಿಸಿ ಜಗುಲಿಯ ಮೇಲೆ ಕೂತಿದ್ದರು. ಹಿಂದಿನಿಂದ ಜೀರುಂಡೆಯ ಸದ್ದು ನನ್ನ ಕಾರಿನೊಳಗೆ ತುಂಬಿತು. ಫೋನನ್ನು ಮೀಟರಿನ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡರು.

"ಐಡ್ಲಿಂಗಲ್ಲಿ ಎಷ್ಟು ಅದು?"

"ಮೂವತ್ತು, ಮಾವ."

"ಬಿಸಿಯಾಗಿದ್ಯಾ ಎಂಜಿನ್ನು?"

"ಘಾಟಿ ಹತ್ತಿ ಬಂದಿದೀನಿ."

"ಹಂಗಾರೆ ರೇಸ್ ಮಾಡು, ನೋಡಾಣ."

ಪೆಡಲ್ ಒತ್ತಿದೆ. ಮುಳ್ಳು ಏರಿತು. ಬಿಟ್ಟೆ, ಇಳಿಯಿತು. ಮತ್ತೆ ಒತ್ತು ಅಂದರು. ಮೂರು ಸಲ ಹಾಗೆ ಮಾಡಿಸಿದರು. ಮೂರನೆಯ ಸಲ ಇಳಿಯುವಾಗ ಅವರ ಮುಖ ಪರದೆಯ ತೀರಾ ಹತ್ತಿರ ಬಂದು, ಬರೀ ಒಂದು ಕಣ್ಣು ಕಾಣುತ್ತಿತ್ತು.

"ಸಾಕು ಬಿಡು. ಚೆನ್ನಾಗಿದೆ," ಅಂದರು. ಆಮೇಲೆ, "ಆ ಹಳೇದನ್ನ ಎಸೆದ್ಯೇನೋ?"

"ಇಲ್ಲ ಮಾವ, ಇಟ್ಟಿದೀನಿ."

"ಎಸೀಬೇಡ. ಬರೋವಾಗ ತಗೊಂಡು ಬಾ. ಬಿಚ್ಚಿ ನೋಡಾಣ, ಎಲ್ಲಿ ಹರಿದಿದೆ ಅಂತ."

ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಡಿಸೆಂಬರಿನಲ್ಲಿ ಊರಿಗೆ ಒಯ್ಯುವ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ.